ಒಂದು ಬುಗುರಿ ಹೊತ್ತು

ನಿವೃತ್ತಿ ಎಂಬ ಪದ ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ಬೇರೆ ಪದ ಸಿಗದ ಕಾರಣ ಅದನ್ನೇ ಬಳಸುತ್ತಿದ್ದೇನೆ. ಚನ್ನಪಟ್ಟಣದ ಒಂದು ಶೆಡ್ಡಿನಲ್ಲಿ ರಿಮೋಟ್ ಹೆಲಿಕಾಪ್ಟರುಗಳನ್ನು ಕಟ್ಟುವುದು, ಕೆಟ್ಟಿದ್ದನ್ನು ಸರಿ ಮಾಡುವುದು, ಹಾರಿಸಿ ನೋಡಿ ಗಿರಾಕಿಗೆ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಕಣ್ಣಿನ ತೊಂದರೆ ಶುರುವಾದ ಮೇಲೆ ದೂರದಲ್ಲಿರುವ ಯಂತ್ರದ ಮೂತಿ ಯಾವ ಕಡೆಗಿದೆ, ಬಾಲ ಯಾವ ಕಡೆಗಿದೆ ಎಂದು ಗುರುತಿಸುವುದು ಕಷ್ಟವಾಯಿತು. ಹಾರಿಸುವವರಿಗೆ ಅದು ತಿಳಿಯದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಅದರ ಬಗ್ಗೆ ಇಷ್ಟು ಸಾಕು.

ಈಗ ಆ ಶೆಡ್ಡಿಗೆ ಇಬ್ಬರು ಹೊಸಬರು ಸೇರಿದ್ದಾರೆ. ಇಬ್ಬರೂ ಓದಿದವರು, ಚುರುಕಿನವರು. ನಾನು ಬಿಡುವ ವಾರ ಅವರು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂಬುದು ಒಂದು. ಬಾಗಿಲ ಮೇಲಿನ ಹಲಗೆಯಲ್ಲಿ ಅರ್ಧ ಬಣ್ಣ ಹಾಕಿದ ಒಂದು ಬುಗುರಿ ಯಾಕೆ ಇಟ್ಟಿದ್ದಾರೆ ಎಂಬುದು ಇನ್ನೊಂದು. ಎದುರಿಗೆ ಕೂತು ಹೇಳುವ ಅಭ್ಯಾಸ ನನಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ರಾಮನಗರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಮಾಗಡಿಯ ನಮ್ಮ ಮನೆಯಲ್ಲಿ ಕೂತು ಅರ್ಜಿ ಹಾಕುತ್ತಿದ್ದ ದಿನಗಳಲ್ಲಿ ಈ ಶೆಡ್ಡಿನ ವಿಷಯ ತಿಳಿಯಿತು. ಶೆಡ್ಡಿನ ಯಜಮಾನರು ಅಮ್ಜದ್ ಸಾರ್. ಅವರದು ತಲೆಮಾರುಗಳಿಂದ ಮರದ ಬೊಂಬೆ ಕಡೆಯುವ ಮನೆ. ಸಂದರ್ಶನದಲ್ಲಿ ಅವರು ನನ್ನ ಅಂಕಪಟ್ಟಿ ಕೇಳಲಿಲ್ಲ. ಊರಾಚೆಯ ಬಯಲಿಗೆ ಕರೆದುಕೊಂಡು ಹೋಗಿ ಒಂದು ಹೆಲಿಕಾಪ್ಟರನ್ನು ಎದೆಯೆತ್ತರಕ್ಕೆ ಏರಿಸಿ ನಿಲ್ಲಿಸಿದರು.

"ನೋಡಮ್ಮ, ಇದು ನಿಂತೈತೆ ಅನ್ಸ್ತದಾ?"

"ಹೌದು ಸಾರ್."

"ಅದನ್ನ ನೋಡ್ಬ್ಯಾಡ. ನನ್ ಹೆಬ್ಬೆಟ್ಟು ನೋಡು."

ಅವರ ಎರಡೂ ಹೆಬ್ಬೆರಳು ರಿಮೋಟಿನ ಕಡ್ಡಿಗಳ ಮೇಲೆ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ, ನಿಲ್ಲದೆ ಅಲುಗುತ್ತಿದ್ದವು.

"ಇದು ನಿಂತಿಲ್ಲ. ಬೀಳ್ತಾನೇ ಐತೆ. ಬಿದ್ದಂಗೆಲ್ಲ ಎತ್ತಿ ಎತ್ತಿ ಮಡಗ್ತಾ ಇವ್ನಿ. ನೋಡೋರ್ಗೆ ನಿಂತಂಗೆ ಕಾಣ್ತದೆ, ಅಷ್ಟೇಯ."

ಕಾಲೇಜಿನಲ್ಲಿ ಇದನ್ನೇ ಸಮೀಕರಣವಾಗಿ ಬರೆದು ಅಂಕ ಪಡೆದಿದ್ದೆ. ತಲೆಯ ಮೇಲೆ ತಿರುಗುವ ಪ್ರತಿ ರೆಕ್ಕೆಯೂ ಪ್ರತಿ ಸುತ್ತಿನಲ್ಲೂ ತನ್ನ ಓರೆಯನ್ನು ಹೆಚ್ಚಿಸಿ ಕಡಿಮೆ ಮಾಡುತ್ತದೆ. ಒಂದು ಕಡೆ ತಳ್ಳಿದರೆ ಅದರ ಫಲ ಕಾಲು ಸುತ್ತಿನ ಆಚೆ ಕಾಣಿಸುತ್ತದೆ. ಇಡೀ ಯಂತ್ರವನ್ನು ಬುಗುರಿಯಂತೆ ತಿರುಗಿಸಿ ಬಿಸಾಡಲು ಹವಣಿಸುವ ಬಲವನ್ನು ಬಾಲದ ಪುಟ್ಟ ರೆಕ್ಕೆ ಒಂದೇ ತಡೆದು ಹಿಡಿಯುತ್ತದೆ. ಇಷ್ಟೆಲ್ಲ ನಡೆದರೆ ಮಾತ್ರ ಅದು ಏನೂ ಮಾಡದಂತೆ ಒಂದು ಕಡೆ ಇರುತ್ತದೆ. ಅದರ ಗಾಳಿ ನನ್ನ ಮುಖಕ್ಕೆ ಬಡಿದಾಗ ಮೈ ಜುಮ್ಮೆಂದಿತು. ಆಮೇಲೆ ಎಷ್ಟು ಯಂತ್ರ ಹಾರಿಸಿದರೂ, ನೆಲ ಬಿಟ್ಟ ಆ ಮೊದಲ ಗಳಿಗೆಯಲ್ಲಿ ಮೈ ಜುಮ್ಮೆನ್ನುವುದು ನಿಲ್ಲಲಿಲ್ಲ. ನಿಮಗೆ ಹಾಗಾಗದಿದ್ದರೆ ಈ ಕೆಲಸದಲ್ಲಿ ಉಳಿಯಬೇಡಿ. ಇದರಲ್ಲಿ ಬೇರೆ ಲಾಭ ಕಡಿಮೆ.

ಶೆಡ್ಡು ಇದ್ದದ್ದು ಬೊಂಬೆ ಕಡೆಯುವವರ ಬೀದಿಯಲ್ಲಿ. ಹೊರಗಿನಿಂದ ಬಂದ ನನಗೆ ಆ ಕೆಲಸವೂ ಹೊಸದು. ಆಲೆ ಎಂಬ ಮೆದು ಮರದ ತುಂಡನ್ನು ಲೇತಿಗೆ ಕಟ್ಟಿ ತಿರುಗಿಸಿ ಉಳಿಯಿಂದ ರೂಪ ಕೊಡುತ್ತಾರೆ. ಆಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ತಾಳೆಗರಿಯಿಂದ ಒರೆಸಿದರೆ ಮುಖ ಕಾಣುವಷ್ಟು ಹೊಳಪು. ಬೆಂಕಿಯಿಲ್ಲ, ಬ್ರಶ್ಶಿಲ್ಲ. ಬೀದಿಯುದ್ದಕ್ಕೂ ಬಿಸಿ ಅರಗಿನ ವಾಸನೆ. ನನ್ನ ಊಟದ ಡಬ್ಬಿಯಲ್ಲೂ ಅದೇ ವಾಸನೆ ಇರುತ್ತಿತ್ತು. ಸ್ವಲ್ಪ ದಿನದಲ್ಲೇ ಅದು ಮೂಗಿಗೆ ತಿಳಿಯದಷ್ಟು ರೂಢಿಯಾಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಶೆಡ್ಡಿನ ಜಗಲಿಯಲ್ಲಿ ಅಮ್ಜದ್ ಸಾರ್ ಅವರ ತಂದೆ ಕರೀಂ ಸಾಬ್ರು ಕೂತು ಬುಗುರಿ ಕಡೆಯುತ್ತಿದ್ದರು. ಶೆಡ್ಡಿನ ಜಾಗ ಅವರದೇ, ಒಳಗಿನ ಯಂತ್ರದ ಕೆಲಸ ಮಗನದು. ಅವರ ಮನೆಯಲ್ಲಿ ಹೊತ್ತನ್ನು ಬುಗುರಿಯಲ್ಲಿ ಅಳೆಯುವ ರೂಢಿ. ಮರ ಕಟ್ಟಿ, ಕಡೆದು, ಅರಗು ಹಾಕಿ ಇಳಿಸುವಷ್ಟು ಕಾಲ ಒಂದು ಬುಗುರಿ ಹೊತ್ತು. "ಟೀ ಒಂದು ಬುಗುರಿ ಹೊತ್ಗೆ ಬತ್ತದೆ" ಎನ್ನುತ್ತಿದ್ದರು. ನಮ್ಮ ಬ್ಯಾಟರಿಯ ಒಂದು ಹಾರಾಟವೂ ಹೆಚ್ಚು ಕಡಿಮೆ ಅಷ್ಟೇ ಕಾಲ ಬರುತ್ತಿತ್ತು. ಅಮ್ಜದ್ ಸಾರ್ ಕೂಡ ಗಿರಾಕಿಗಳಿಗೆ ಹಾಗೇ ಹೇಳಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಗಿರಾಕಿಗಳಲ್ಲಿ ಸಾತನೂರಿನ ಚಿಕ್ಕೇಗೌಡರು ಮರೆಯಲಾಗದವರು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಅವರಿಗೆ ಹೆಲಿಕಾಪ್ಟರ್ ಹುಚ್ಚು ಹೇಗೆ ಹತ್ತಿತೋ ತಿಳಿಯದು. ಒಂದು ಸಲ ತಮ್ಮ ಯಂತ್ರವನ್ನು ಪಂಚೆಯಲ್ಲಿ ಸುತ್ತಿ, ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು.

"ಏನಾಗೈತೆ ಗೌಡ್ರೇ?" ಎಂದರು ಅಮ್ಜದ್ ಸಾರ್.

"ಕೈಕಾಲು ಹಿಡ್ಕಂಡಂಗೆ ಆಡ್ತದೆ ಕಣಪ್ಪ. ಬಲಕ್ಕೆ ತಿರುಗು ಅಂದ್ರೆ ಯೋಚ್ನೆ ಮಾಡ್ತದೆ."

ನಾನು ಬಿಚ್ಚಿದೆ. ರೆಕ್ಕೆಗಳ ಓರೆ ಬದಲಿಸುವ ತಟ್ಟೆಯ ಕೆಳಗೆ, ಮೂರು ಸರಳುಗಳ ನಡುವೆ, ಒಂದು ಅಚ್ಚುಕಟ್ಟಾದ ರೇಷ್ಮೆ ಗೂಡು ಕೂತಿತ್ತು. ಗೌಡರು ಯಂತ್ರವನ್ನು ಇಡುತ್ತಿದ್ದದ್ದು ಹುಳು ಮನೆಯಲ್ಲಿ. ಹಣ್ಣಾದ ಹುಳು ಒಂದು ತಟ್ಟೆಯಿಂದ ಇಳಿದು, ಅಲೆದು, ಗೂಡು ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಸಿಗದೆ ಅಲ್ಲೇ ನೆಲೆಸಿತ್ತು.

ಜಗಲಿಯಿಂದ ಕರೀಂ ಸಾಬ್ರು ಇಣುಕಿ ನಕ್ಕರು. "ಗೌಡ್ರೇ, ಹುಳಕ್ಕೂ ಇಮಾನದಾಗೆ ಹೋಗೋ ಆಸೆ ಬಂದದಲ್ರೀ!"

"ನಗಿ ಸಾಬ್ರೇ, ನಗಿ. ಅವ್ವಾ ಸುಮಾ, ಆ ಗೂಡು ಒಸಿ ಜ್ವಾಪಾನವಾಗಿ ತಗಿ. ಅದನ್ನೂ ಮಾರ್ಕೆಟ್ಟಿಗೆ ಹಾಕ್ತೀನಿ, ಬುಡಾಕಿಲ್ಲ."

ಗೂಡು ತೆಗೆದರೂ ಬಾಲ ಇನ್ನೂ ಬಿಗಿಯಾಗಿತ್ತು. ಭೂತಗನ್ನಡಿ ಹಿಡಿದಾಗ ಬಾಲದ ಕಡ್ಡಿಗೆ ಸುತ್ತಿಕೊಂಡ ಎಳೆ ಕಂಡಿತು. ಸೂಜಿಯಲ್ಲಿ ಎತ್ತಿ ಎಳೆದೆ. ಬಂತು, ಮತ್ತೆ ಬಂತು, ಬರುತ್ತಲೇ ಇತ್ತು. ಬರಿಗಣ್ಣಿಗೆ ಕಾಣದ ಎಳೆ ಒಂದು ಮೋಟಾರನ್ನು ತಡೆದು ಹಿಡಿದಿತ್ತು. ಅಂದಿನಿಂದ ನಾನು ಯಾವ ಯಂತ್ರ ಬಂದರೂ ಮೊದಲು ಅದು ಎಲ್ಲಿ ಮಲಗಿತ್ತು ಎಂದು ಕೇಳುತ್ತಿದ್ದೆ. ಯಂತ್ರ ತಾನಿದ್ದ ಜಾಗವನ್ನು ಒಳಗೆ ಇಟ್ಟುಕೊಂಡಿರುತ್ತದೆ.

ನಾನು ಸೇರಿದ ಕಾಲಕ್ಕೆ ಎಣ್ಣೆ ಕುಡಿಯುವ ಎಂಜಿನ್ನುಗಳು ಇನ್ನೂ ಇದ್ದವು. ಹರಳೆಣ್ಣೆ ಬೆರೆತ ಇಂಧನ, ನೀಲಿ ಹೊಗೆ, ಎಷ್ಟು ತೊಳೆದರೂ ಹೋಗದ ಜಿಡ್ಡು. ಅದನ್ನು ಕಿವಿಯಿಂದಲೇ ಸರಿ ಮಾಡಬೇಕಿತ್ತು. ಆಮೇಲೆ ಬ್ಯಾಟರಿ ಬಂತು. ರೆಕ್ಕೆಗಳ ಮೇಲಿದ್ದ ತೂಕದ ಕಡ್ಡಿ ಹೋಗಿ ಬೆರಳುಗುರಿನಷ್ಟು ಚಿಕ್ಕ ಚಿಪ್ ಇರುವ ಗೈರೋ ಬಂತು. ಯಂತ್ರ ಎತ್ತ ವಾಲುತ್ತಿದೆ ಎಂದು ಅದು ನಮಗಿಂತ ಮೊದಲೇ ತಿಳಿದು ತಿದ್ದುತ್ತದೆ. ಅದನ್ನು ಮೊದಲ ಸಲ ಜೋಡಿಸಿದಾಗ ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದು, ಓರೆ ಮಾಡಿ, ಮತ್ತೆ ಓರೆ ಮಾಡಿ, ಸರಳುಗಳು ತಾವಾಗಿ ಎದ್ದು ಇಳಿಯುವುದನ್ನು ನೋಡುತ್ತಿದ್ದೆ. ಆದರೆ ದೋಷ ಹುಡುಕಲು ಕಂಪ್ಯೂಟರ್ ಪರದೆ ನೋಡುವುದನ್ನು ಕಲಿತ ಮೇಲೆ ನಾವು ಕಿವಿಗೊಡುವುದನ್ನು ಬಿಟ್ಟೆವು.

ಅಮ್ಜದ್ ಸಾರ್ ಒಳ್ಳೆಯ ಕೈ, ಕೆಟ್ಟ ಅವಸರ. ಒಂದು ದಿನ ಗೈರೋವನ್ನು ತಲೆಕೆಳಗಾಗಿ ಅಂಟಿಸಿ, ಅದಕ್ಕೆ ಹಾಗೆಂದು ಸೆಟ್ಟಿಂಗಿನಲ್ಲಿ ತಿಳಿಸುವುದನ್ನು ಮರೆತು, ಬಯಲಿಗೆ ಹೋಗುವಷ್ಟು ತಾಳ್ಮೆಯೂ ಇಲ್ಲದೆ ಶೆಡ್ಡಿನ ಅಂಗಳದಲ್ಲೇ ಏರಿಸಿದರು. ಗೈರೋ ಎಲ್ಲವನ್ನೂ ಉಲ್ಟಾ ತಿದ್ದಿತು. ಯಂತ್ರ ನೆಲ ಬಿಟ್ಟ ಕೂಡಲೇ ಗಿರಗಿರನೆ ತಿರುಗಿ, ಗೋಡೆಗೆ ತಾಗಿ, ಆಗಷ್ಟೇ ಅರಗು ಹಾಕಿ ಸಾಲಾಗಿ ಇಟ್ಟಿದ್ದ ಬುಗುರಿಗಳ ತಟ್ಟೆಯ ಮೇಲೆ ಬಿತ್ತು. ಯಾರಿಗೂ ಏಟಾಗಲಿಲ್ಲ. ಬುಗುರಿಗಳು ಬೀದಿಯವರೆಗೆ ಉರುಳಿದವು.

ಕರೀಂ ಸಾಬ್ರು ಎದ್ದು, ಪಂಚೆ ಕೊಡವಿಕೊಂಡು, ಒಂದೊಂದೇ ಬುಗುರಿ ಆರಿಸಿದರು. ಆರಿಸುತ್ತಲೇ ಹೇಳಿದರು: "ನನ್ ಬುಗುರಿ ತಿರುಗಿ ನಿಂತ್ಕತದೆ. ನಿಂದು ತಿರುಗಿ ಬೀಳ್ತದೆ. ಇದಾ ಕೆಲ್ಸ ಅನ್ನೋದು?"

"ಅಬ್ಬಾ, ಒಂದ್ ತಪ್ಪಾಯ್ತು..." ಎಂದರು ಅಮ್ಜದ್ ಸಾರ್. ತಂದೆಯನ್ನು ಅವರು ಅಬ್ಬಾ ಎಂದೇ ಕರೆಯುತ್ತಿದ್ದರು.

"ಇರು. ಲೇತುಗಳು ಎರಡೊರ್ಸದಿಂದ ಜಗಲೀಲಿ ಮಳೆಗೆ ನೆನೀತಾವೆ. ನಾನೇನೂ ಕೇಳಿಲ್ಲ. ಈಗ ಕೇಳ್ತೀನಿ. ಹಬ್ಬಕ್ಕೆ ಮುಂಚೆ ಕೆಂಗಲ್ ಕಡೆ ಬಯಲಿಗೆ ನನ್ ಹಳೇ ಕೈಲೇತು ತಕ್ಕಂಡು ಬತ್ತೀನಿ. ಒಂದು ಬುಗುರಿ ಕಡ್ದು, ಅರಗು ಹಾಕಿ ಮುಗ್ಸೋವರ್ಗೂ ನಿನ್ ಯಂತ್ರ ಎದೆ ಮಟ್ಟಕ್ಕೆ ನಿಂತಿರ್ಬೇಕು. ನಿಂತ್ರೆ ಶೆಡ್ಡು ನಿಂದು. ಬಿದ್ರೆ ಲೇತು ಒಳಿಕೆ, ನಿನ್ ಡಬ್ಬಾ ಡುಬ್ಬಿ ಆಚಿಕೆ."

ಆ ಮಾತು ಬೆದರಿಕೆಯಾಗಿ ಕೇಳಿದರೂ ಅಮ್ಜದ್ ಸಾರ್ ಅವರಿಗೆ ಚುಚ್ಚಿದ್ದು ಬೇರೆ. ಅವರ ಮನೆಯಲ್ಲಿ ಉಳಿ ಕೆಳಗಿಟ್ಟ ಮೊದಲ ಗಂಡಸು ಅವರು. ತಂದೆ ಅಂದಿನವರೆಗೆ ಶೆಡ್ಡಿನ ಹೊಸ್ತಿಲು ದಾಟಿ ಒಂದು ಯಂತ್ರವನ್ನು ಮುಟ್ಟಿ ನೋಡಿರಲಿಲ್ಲ. ಬೇರೆ ಶೆಡ್ಡು ಎಲ್ಲಾದರೂ ಸಿಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ತಂದೆಯ ಬಾಯಿಂದ 'ಇದು ಕೆಲಸ' ಎಂಬ ಒಂದು ಮಾತು.

ಆ ಪರೀಕ್ಷೆಗೆಂದೇ ಒಂದು ಯಂತ್ರವನ್ನು ಮೊದಲಿನಿಂದ ಕಟ್ಟಿದೆವು. ನಾನು ಎರಡು ರೆಕ್ಕೆಗಳನ್ನು ತೂಗಿ, ಹಗುರವಿದ್ದದ್ದರ ತುದಿಗೆ ಅಂಟುಪಟ್ಟಿ ಸುತ್ತಿ ಸಮ ಮಾಡಿದೆ. ಒಂದರ ತುದಿ ಕೆಂಪು, ಇನ್ನೊಂದರ ತುದಿ ಹಳದಿ. ತಿರುಗುವಾಗ ಪಕ್ಕದಿಂದ ನೋಡಿದರೆ ಎರಡು ಬಣ್ಣವೂ ಒಂದೇ ಗೆರೆಯಲ್ಲಿ ಸೇರಬೇಕು. ಸೇರಿದವು. ಮೋಟಾರಿನ ಕಡ್ಡಿಯ ಮೇಲಿನ ಚಿಕ್ಕ ಗೇರು ಮಾತ್ರ ಸಡಿಲವಿತ್ತು. ಅದನ್ನು ಹಿಡಿಯುವ ಪುಟ್ಟ ಸ್ಕ್ರೂವಿನ ತಿರುಪಿನ ಗೆರೆಗಳು ಸವೆದಿದ್ದವು. ಹೊಸ ಗೇರು ತರಿಸಲು ಹೇಳಿದ್ದೆವು. ಒಂದು ಶುಕ್ರವಾರ ಮಧ್ಯಾಹ್ನ ಅಮ್ಜದ್ ಸಾರ್ ನಮಾಜಿಗೆ ಹೋದರು, ನಾನು ಪಾರ್ಸೆಲ್ ಬಂದಿದೆಯೇ ನೋಡಲು ಬಸ್ ನಿಲ್ದಾಣಕ್ಕೆ ಹೋದೆ. ಬಂದಿರಲಿಲ್ಲ. ವಾಪಸು ಬಂದಾಗ ಸಾರ್ ಮೋಟಾರನ್ನು ಯಂತ್ರಕ್ಕೆ ಕೂರಿಸುತ್ತಿದ್ದರು. ಗೇರು ಅಲುಗದಷ್ಟು ಗಟ್ಟಿಯಾಗಿತ್ತು. ಅವರೇ ಏನೋ ಉಪಾಯ ಮಾಡಿ ಬಿಗಿದಿದ್ದಾರೆ ಎಂದು ನಾನು ತಿಳಿದೆ. ನಾನೇ ಬಿಗಿದು ಹೋಗಿದ್ದೇನೆ ಎಂದು ಅವರು ತಿಳಿದಿದ್ದರು. ಇಬ್ಬರು ಕೂಡಿ ಕಟ್ಟುವ ಕಡೆ ಇದು ಸಾಮಾನ್ಯ. ಬಿಗಿದವರು ಸ್ಕ್ರೂವಿನ ಮೇಲೆ ಬಣ್ಣದ ಚುಕ್ಕೆ ಇಡಬೇಕೆಂಬ ನಿಯಮ ಶೆಡ್ಡಿಗೆ ಬಂದದ್ದು ಆಮೇಲೆ.

ಬುಗುರಿ ತಟ್ಟೆಗಳನ್ನು ದೂರ ಸರಿಸಿ ಅಂಗಳದಲ್ಲೇ ಹಾರಿಸಿದೆವು. ಚೆನ್ನಾಗಿಯೇ ಹಾರಿತು. ಅರ್ಧ ಬುಗುರಿ ಹೊತ್ತು ಕಳೆದ ಮೇಲೆ, ಯಾರೋ ಕೆಳಗಿನಿಂದ ಎಳೆದಂತೆ ನೆಲಕ್ಕೆ ಕುಸಿಯಿತು. ಎತ್ತಿ ತಂದು, ತಣ್ಣಗಾಗಲು ಬಿಟ್ಟು, ಮೇಜಿನ ಮೇಲೆ ಪ್ರತಿಯೊಂದನ್ನೂ ಪರೀಕ್ಷಿಸಿದೆವು. ದೋಷವಿಲ್ಲ. ಮತ್ತೆ ಹಾರಿಸಿದೆವು, ಮತ್ತೆ ಚೆನ್ನಾಗಿ ಎದ್ದು, ಮತ್ತೆ ಅಷ್ಟೇ ಹೊತ್ತಿಗೆ ಕುಸಿಯಿತು. ಬ್ಯಾಟರಿ ಬದಲಿಸಿದೆವು. ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ಕಂಟ್ರೋಲರ್ ಬದಲಿಸಿದೆವು. ಗೈರೋ ತೆಗೆದು ಬೇರೆ ಹಾಕಿದೆವು. ಪರದೆಯಲ್ಲಿ ಎಲ್ಲವೂ ಸರಿ ಎಂದೇ ಬರುತ್ತಿತ್ತು.

ಜಗಲಿಯಲ್ಲಿ ಕರೀಂ ಸಾಬ್ರು ಏನೂ ಕೇಳುತ್ತಿರಲಿಲ್ಲ. ಆದರೆ ಯಂತ್ರ ಕುಸಿದಾಗಲೆಲ್ಲ ಅವರ ಲೇತು ನಿಲ್ಲುತ್ತಿತ್ತು.

ಹಬ್ಬ ಹತ್ತಿರ ಬಂತು. ಅಂಗಳದ ಗಾಳಿ ಗೋಡೆಗೆ ಬಡಿದು ತಿರುಗಿ ಯಂತ್ರವನ್ನು ಕೆಡವುತ್ತಿರಬಹುದೆಂದು ನಾನು ಊಹಿಸಿದೆ. ತೆರೆದ ಜಾಗದಲ್ಲಿ ನೋಡೋಣ ಎಂದೆ. ಚಿಕ್ಕೇಗೌಡರು ಸೊಪ್ಪು ಕೊಯ್ದ ತಮ್ಮ ಹೊಲಕ್ಕೆ ಕರೆದರು. ಸಾತನೂರಿಗೆ ಹೋದೆವು.

ಬೆಳಗಿನ ಹೊತ್ತು. ಗಾಳಿಯಿಲ್ಲ. ಅಮ್ಜದ್ ಸಾರ್ ಹಾರಿಸಿದರು, ನಾನು ಪಕ್ಕದಲ್ಲಿ ನಿಂತೆ. ಸುತ್ತ ಲೇತುಗಳ ಸದ್ದಿಲ್ಲದ ಕಾರಣ ಮೋಟಾರಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅರ್ಧ ಬುಗುರಿ ಹೊತ್ತಾದಾಗ ಯಂತ್ರ ಇಳಿಯತೊಡಗಿತು. ಯಂತ್ರ ಇಳಿಯುತ್ತಿತ್ತು, ಮೋಟಾರಿನ ದನಿ ಏರುತ್ತಿತ್ತು.

ಬ್ಯಾಟರಿ ಸೋತರೆ ದನಿ ಇಳಿಯಬೇಕು. ಕಂಟ್ರೋಲರ್ ಬಿಸಿಯಾಗಿ ಕೈಕೊಟ್ಟರೂ ಇಳಿಯಬೇಕು. ಏರುತ್ತಿದೆ ಎಂದರೆ ಮೋಟಾರು ಭಾರ ಕಳಚಿಕೊಂಡು ಒಂಟಿಯಾಗಿ ಓಡುತ್ತಿದೆ. ನಾನು ಯಂತ್ರದ ಹತ್ತಿರ ಓಡಿ ಮಂಡಿಯೂರಿದೆ. ರೆಕ್ಕೆ ನಿಂತ ಮೇಲೆ ಮುಖ ಹತ್ತಿರ ತಂದೆ.

ಬಿಸಿ ಅರಗಿನ ವಾಸನೆ.

ಸಾತನೂರಿನ ಹೊಲದಲ್ಲಿ ಲೇತಿಲ್ಲ. ಮಣ್ಣಿನ, ಸೊಪ್ಪಿನ ವಾಸನೆಯ ನಡುವೆ ಅದು ಒಂದೇ ಬೇರೆಯಾಗಿ ನಿಂತಿತ್ತು. ಬೀದಿಯಲ್ಲಿ ಪ್ರತಿ ಸಲವೂ ಇದೇ ವಾಸನೆ ಬಂದಿರಬೇಕು, ನಮ್ಮ ಮೂಗಿಗೆ ತಿಳಿದಿರಲಿಲ್ಲ. ಇಕ್ಕಳದಿಂದ ಚಿಕ್ಕ ಗೇರನ್ನು ಹಿಡಿದು ತಿರುಗಿಸಿದೆ. ಮೋಟಾರಿನ ಕಡ್ಡಿಯ ಮೇಲೆ ಅದು ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಎಳೆದೆ, ಕೈಗೆ ಬಂತು. ಒಳಗೆ ಜೇನಿನ ಬಣ್ಣದ ತೆಳು ಪದರ. ನೋಡುತ್ತಿದ್ದಂತೆಯೇ ಅದು ಆರಿ ಮತ್ತೆ ಗಾಜಿನಂತೆ ಗಟ್ಟಿಯಾಯಿತು. ಮೇಜಿನ ಮೇಲೆ ನಮಗೆ ದೋಷ ಸಿಗದಿದ್ದದ್ದು ಅದಕ್ಕೇ. ತಣ್ಣಗಿದ್ದಾಗ ಅದು ಯಾವ ಸ್ಕ್ರೂವಿಗೂ ಕಡಿಮೆಯಿಲ್ಲದ ಹಿಡಿತ. ಮೋಟಾರು ಕಾದಾಗ ಮಾತ್ರ ಅರಗು ಅರಗೇ.

ಅಮ್ಜದ್ ಸಾರ್ ಗೇರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೀದಿ ತುಂಬ ಅರಗು ಹಚ್ಚುವವರಿದ್ದರೂ, ನಮ್ಮ ಶೆಡ್ಡಿನ ಜಗಲಿಯಲ್ಲಿ ಕೂರುತ್ತಿದ್ದವರು ಒಬ್ಬರೇ.

"ಅಬ್ಬಾ," ಎಂದರು. ತಂದೆ ಎದುರಿಗೇ ನಿಂತಿದ್ದಾರೆ ಎಂಬಂತೆ, "ಶೆಡ್ಡು ಬೇಕಿತ್ತು ಅಂದ್ರೆ ಬಾಯ್ಬುಟ್ಟು ಕೇಳಿದ್ರೆ ಖಾಲಿ ಮಾಡ್ಕೊಡ್ತಿದ್ದೆ. ಪಂದ್ಯ ಕಟ್ಟಿ, ಹಿಂದ್ಗಡೆಯಿಂದ ಬಂದು ಹಿಂಗೆ ಕೆಡಿಸ್ಬೇಕಿತ್ತಾ?"

ಚಿಕ್ಕೇಗೌಡರು ಮಧ್ಯೆ ಬಂದರು. "ಲೇ ಅಮ್ಜದ್, ಬಾಯಿಗೆ ಬಂದಂಗೆ ಆಡ್ಬ್ಯಾಡ ಕಣ್ಲಾ. ಹೆತ್ತೋರು."

"ನಿಮ್ಗೇನ್ ಗೊತ್ತು ಗೌಡ್ರೇ? ಪಂದ್ಯ ಕಟ್ಟಿದ್ ಮ್ಯಾಕೇ ಇದು ಕೆಟ್ಟಿದ್ದು. ಅದಕ್ಕೆ ಮುಂಚೆ ಅವ್ರು ಶೆಡ್ಡೊಳಿಕೆ ಕಾಲಿಟ್ಟೋರಲ್ಲ."

ನಾನು ಗೇರನ್ನು ಅವರ ಕೈಯಿಂದ ತೆಗೆದುಕೊಂಡು ಭೂತಗನ್ನಡಿಯ ಕೆಳಗಿಟ್ಟೆ. ಬೇರೆಯವರ ಮನೆಯ ವಿಷಯಕ್ಕೆ ನಾನು ಹೋಗುವವಳಲ್ಲ. ಆದರೆ ಇದು ಗೇರಿನ ವಿಷಯವಾಗಿತ್ತು. ಒಳಮೈಯ ಜಿಡ್ಡನ್ನು ಯಾರೋ ಪೂರ್ತಿ ತೆಗೆದಿದ್ದರು. ಅರಗು ಹಿಡಿಯಲೆಂದು ಸಣ್ಣಗೆ ಗೀರು ಹಾಕಿದ್ದರು. ಪದರ ಸುತ್ತಲೂ ಒಂದೇ ದಪ್ಪ, ಆದ್ದರಿಂದಲೇ ಗೇರು ಎಳ್ಳಷ್ಟೂ ಓರೆಯಿಲ್ಲದೆ ತಿರುಗುತ್ತಿತ್ತು. ಹೊರಗೆ ಉಕ್ಕಿದ್ದನ್ನು ಗರಿಯಿಂದ ಒರೆಸಿದ್ದರು. ಅಂಚು ಅವರ ಬುಗುರಿಗಳ ಹಾಗೆಯೇ ಹೊಳೆಯುತ್ತಿತ್ತು.

"ಸಾರ್," ಎಂದೆ, "ಕೆಡಿಸೋಕೆ ಬಂದವರು ಪಾಲಿಶ್ ಮಾಡ್ತಾರಾ?"

ಅವರು ಗೇರನ್ನು ಮತ್ತೆ ತೆಗೆದುಕೊಂಡರು. ಸೂರ್ಯನ ಕಡೆ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದರು. ಆ ಹೊಳಪನ್ನು ಅವರು ಮಗುವಾಗಿದ್ದಾಗಿನಿಂದ ಬಲ್ಲವರು. ಶುಕ್ರವಾರ ಮಧ್ಯಾಹ್ನ ಖಾಲಿ ಶೆಡ್ಡಿಗೆ ಬಂದು, ಮೇಜಿನ ಮೇಲೆ ಅಲುಗುತ್ತಿದ್ದ ಗೇರನ್ನು ಕಂಡು, ಒಬ್ಬರು ತಮಗೆ ಗೊತ್ತಿದ್ದ ಅತ್ಯುತ್ತಮ ಉಪಾಯ ಮಾಡಿ ಹೋಗಿದ್ದರು. ತಾವೇ ಕಟ್ಟಿದ ಪಂದ್ಯದಲ್ಲಿ ಮಗ ಸೋಲಬಾರದೆಂದು.

"ಕೇಳ್ಲಾ ಅವ್ರನ್ನ?" ಎಂದರು ಅಮ್ಜದ್ ಸಾರ್. ದನಿ ಇಳಿದಿತ್ತು.

"ಬೇಡ ಸಾರ್. ಹೊಸ ಗೇರು ಹಾಕೋಣ."

ಹೊಸ ಗೇರು ಅಷ್ಟರಲ್ಲಿ ಬಂದಿತ್ತು. ಸ್ಕ್ರೂ ಬಿಗಿಯುವ ನೀಲಿ ಅಂಟು ಹಾಕಿ ಬಿಗಿದು, ಮೇಲೆ ಬಿಳಿ ಚುಕ್ಕೆ ಇಟ್ಟೆ. ಹಳೆಯದನ್ನು ಅಮ್ಜದ್ ಸಾರ್ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು.

ಪರೀಕ್ಷೆ ಭಾನುವಾರ ಬೆಳಿಗ್ಗೆ, ಕೆಂಗಲ್ ಕಡೆಯ ಬಯಲಿನಲ್ಲಿ. ಕರೀಂ ಸಾಬ್ರು ಗೋಣಿಚೀಲ ಹಾಸಿ ಕೂತು, ಕರೆಂಟ್ ಬರುವ ಮೊದಲು ತಮ್ಮ ತಂದೆ ಬಳಸುತ್ತಿದ್ದ ಕೈಲೇತನ್ನು ಮುಂದಿಟ್ಟುಕೊಂಡರು. ಬಿಲ್ಲಿನಂಥ ಕೋಲಿಗೆ ಕಟ್ಟಿದ ದಾರವನ್ನು ಸುತ್ತಿ, ಹಿಂದೆ ಮುಂದೆ ಎಳೆದರೆ ಮರ ತಿರುಗುತ್ತದೆ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಉಳಿ.

ಅಮ್ಜದ್ ಸಾರ್ ರಿಮೋಟನ್ನು ನನ್ನ ಕೈಗೆ ಕೊಟ್ಟರು. "ನೀನೇ ಹಾರ್ಸಮ್ಮ. ಅಬ್ಬಾ ಮುಂದೆ ನನ್ ಹೆಬ್ಬೆಟ್ಟು ಹೇಳ್ದಂಗೆ ಕೇಳಲ್ಲ."

ಹಾರಿಸುವವರು ಯಂತ್ರದಿಂದ ಕಣ್ಣು ತೆಗೆಯುವಂತಿಲ್ಲ. ಆದ್ದರಿಂದ ಆ ಬೆಳಿಗ್ಗೆ ನಡೆದದ್ದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಯಂತ್ರ ಎದೆಯೆತ್ತರಕ್ಕೆ ಬಂದು ನಿಂತಿತು. ನನ್ನ ಹಿಂದೆ ಬಿಲ್ಲು ಹಿಂದೆ ಮುಂದೆ ಸರಿಯುವ ಸದ್ದು ಶುರುವಾಯಿತು. ಉಳಿ ಮರಕ್ಕೆ ತಾಗಿ ಹೊಟ್ಟು ಉದುರುವ ಸದ್ದು. ಎದುರಿಗೆ ಹುಲ್ಲು ವೃತ್ತಾಕಾರವಾಗಿ ಬಾಗಿತ್ತು. ಅದರ ನಡುವೆ ಯಂತ್ರ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ಇತ್ತು. ಕೆಂಪು ತುದಿಯೂ ಹಳದಿ ತುದಿಯೂ ಸೇರಿ ಕಿತ್ತಳೆ ಬಣ್ಣದ ಒಂದೇ ಗೆರೆ. ಎದುರಿಗೆ ಒಂದು ತಿರುಗಿ ನಿಂತಿದೆ, ಹಿಂದೆ ಇನ್ನೊಂದು ತಿರುಗಿ ರೂಪ ಪಡೆಯುತ್ತಿದೆ. ಎರಡರ ನಡುವೆ ನಾನು ನನ್ನ ಎರಡು ಹೆಬ್ಬೆರಳನ್ನು ಬಿಟ್ಟು ಬೇರೇನೂ ಆಗಿರಲಿಲ್ಲ. ಜಗತ್ತಿನಲ್ಲಿ ತಿರುಗದೆ ನಿಂತಿರುವುದು ಏನಾದರೂ ಇದೆಯೇ ಎಂದು ಆಗ ಅನ್ನಿಸಿತು.

ಅರ್ಧ ಬುಗುರಿ ಹೊತ್ತಾಯಿತು. ಆಗ ಮೂಗಿಗೆ ಬಿಸಿ ಅರಗಿನ ವಾಸನೆ ಬಡಿಯಿತು.

ಅದು ಯಂತ್ರದಿಂದ ಬಂತೋ, ಲೇತಿನಿಂದ ಬಂತೋ? ತಿರುಗಿ ನೋಡುವಂತಿಲ್ಲ. ಕಿವಿಗೊಟ್ಟೆ. ಮೋಟಾರಿನ ದನಿ ಏರಲಿಲ್ಲ. ಇಳಿಯಲೂ ಇಲ್ಲ. ಒಂದೇ ಸಮ. ಹಿಂದೆ ಕರೀಂ ಸಾಬ್ರು ಬುಗುರಿಗೆ ಅರಗು ಒತ್ತುತ್ತಿದ್ದರು.

ಆಮೇಲೆ ಬಿಲ್ಲಿನ ಸದ್ದು ನಿಂತಿತು.

ಬುಗುರಿ ಮುಗಿಯಿತು ಎಂದುಕೊಂಡೆ. ಕರೀಂ ಸಾಬ್ರು ಅರಗಿನ ಕಡ್ಡಿಯನ್ನು ಮರದ ಮೇಲೆ ಅರ್ಧಕ್ಕೇ ನಿಲ್ಲಿಸಿ, ತುದಿಯಲ್ಲಿ ಕರಗಿದ್ದನ್ನೇ ನೋಡುತ್ತಾ ಕೂತಿದ್ದರೆಂದು ಅಮ್ಜದ್ ಸಾರ್ ಆಮೇಲೆ ಹೇಳಿದರು. ನನಗೆ ಕೇಳಿದ್ದು ಅವರ ಪ್ರಶ್ನೆ ಮಾತ್ರ.

"ಬೇಟಿ, ಆ ಮೋಟ್ರು ಬಿಸಿ ಆಯ್ತದಾ?"

"ಆಗುತ್ತೆ ತಾತಾ."

"ಎಷ್ಟು?"

"ಮುಟ್ಟಕ್ಕಾಗಲ್ಲ, ಅಷ್ಟು."

ರಿಮೋಟು ಬ್ಯಾಟರಿ ಮುಗಿಯುವ ಸೂಚನೆಯಾಗಿ ಕೂಗತೊಡಗಿತು.

"ತಾತಾ, ಬುಗುರಿ ಆಯ್ತಾ?" ಎಂದೆ.

"ಇಳ್ಸು ಬೇಟಿ. ಮೊದ್ಲು ಇಳ್ಸು."

ಇಳಿಸಿದೆ. ರೆಕ್ಕೆಗಳು ನಿಂತ ಮೇಲೆ ತಿರುಗಿ ನೋಡಿದರೆ, ಲೇತಿನಲ್ಲಿ ಬುಗುರಿ ಅರ್ಧ ಕೆಂಪು, ಅರ್ಧ ಬಿಳಿ ಮರ. ಕರೀಂ ಸಾಬ್ರು ಎದ್ದು ಯಂತ್ರದ ಹತ್ತಿರ ಹೋದರು. ಬಗ್ಗಿ, ಬೆರಳ ಹಿಂಬದಿಯಿಂದ ಮೋಟಾರನ್ನು ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡರು. ಚಿಕ್ಕ ಗೇರನ್ನೂ ಅದರ ಮೇಲಿನ ಬಿಳಿ ಚುಕ್ಕೆಯನ್ನೂ ನೋಡಿದರು. ಮಗನ ಕಡೆ ನೋಡಿದರು. ಅಮ್ಜದ್ ಸಾರ್ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು, ಕೈ ಹೊರಗೆ ತೆಗೆಯಲಿಲ್ಲ.

"ಒಳ್ಳೇ ಕೆಲ್ಸ," ಎಂದರು ಕರೀಂ ಸಾಬ್ರು. ಯಾರಿಗೆಂದು ಹೇಳಲಿಲ್ಲ. ಲೇತಿನಿಂದ ಬುಗುರಿ ಬಿಚ್ಚಿ, ಟವಲಿನ ತುದಿಯಲ್ಲಿ ಕಟ್ಟಿಕೊಂಡರು.

ಅರಗಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಯಂತ್ರಗಳು ಶೆಡ್ಡಿನಲ್ಲೇ ಉಳಿದವು, ಲೇತುಗಳಿಗೆ ಜಗಲಿಯ ಮೇಲೆ ತಗಡಿನ ಮಾಡು ಬಂತು, ಅರ್ಧ ಬಣ್ಣದ ಬುಗುರಿ ಬಾಗಿಲ ಮೇಲಿನ ಹಲಗೆ ಸೇರಿತು. ಕರೀಂ ಸಾಬ್ರು ದಿನಕ್ಕೊಮ್ಮೆ ಶೆಡ್ಡಿನೊಳಗೆ ಬಂದು, ಹಾರಿ ಬಂದ ಯಂತ್ರದ ಮೋಟಾರನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ ಹೋಗುವುದು ರೂಢಿಯಾಯಿತು. ಹೊಸಬರು ಅದನ್ನು ನೋಡಿ ನಗಬೇಡಿ. ನೀವೂ ಹಾಗೇ ಮುಟ್ಟಿ ನೋಡಿ. ಅಂಗೈಗಿಂತ ಬೆರಳ ಹಿಂಬದಿಗೆ ಬಿಸಿ ಬೇಗ ತಿಳಿಯುತ್ತದೆ.

ನಾನು ಕೆಲಸ ಬಿಟ್ಟ ದಿನ ಕರೀಂ ಸಾಬ್ರಿಂದ ಒಂದು ನೆನಪಿನ ವಸ್ತು ಕೇಳಬೇಕೆನ್ನಿಸಿತು. ಹಲಗೆಯ ಮೇಲಿನ ಆ ಬುಗುರಿಯನ್ನು ಇಳಿಸಿ ಅವರ ಮುಂದೆ ಹಿಡಿದೆ.

"ಇದನ್ನ ಮುಗಿಸಿಕೊಡ್ತೀರಾ ತಾತಾ? ಅರ್ಧಕ್ಕೇ ನಿಂತಿದೆ."

ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಣ್ಣವಿಲ್ಲದ ಅರ್ಧವನ್ನು ಹೆಬ್ಬೆರಳಲ್ಲಿ ಒಂದು ಸಲ ಸವರಿ, ಎದ್ದು ಹೋಗಿ ಹಲಗೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟರು. ಬೇರೊಂದು ಬುಗುರಿಯನ್ನು, ಪೂರ್ತಿ ಹೊಳೆಯುವುದನ್ನು, ನನಗೆ ಕೊಟ್ಟರು.

"ಅದು ಬ್ಯಾಡ ಬೇಟಿ," ಎಂದರು, ಒಳಗೆ ಯಂತ್ರ ಬಿಚ್ಚುತ್ತಿದ್ದ ಮಗನ ಕಡೆ ನೋಡುತ್ತಾ. "ಅದನ್ನ ಮುಗ್ಸಿದ್ರೆ ಇವ್ನ ಹೊತ್ತು ಮುಗೀತದೆ."